ಮೂರನೇ ಶೆಡ್ಡಿನ ಚೋರಟೆಗಳು

ನವೆಂಬರ್ 14, ಶುಕ್ರವಾರ. ಬೆಳಿಗ್ಗೆ 6.40ಕ್ಕೆ ಇಲ್ಲಿ ಕತಾರಿನಲ್ಲಿ ಬರೆಯಲು ಕೂತಿದ್ದೇನೆ. ಮುಐದರ್‌ನ ನಮ್ಮ ವಿಲ್ಲಾದಲ್ಲಿ ಎಂಟು ಜನ ಇದ್ದೇವೆ. ಏಳು ಜನ ಇನ್ನೂ ಎದ್ದಿಲ್ಲ. ಅಡುಗೆಮನೆಯ ಮೇಜು ಪೂರ್ತಿಯಾಗಿ ಒಬ್ಬನಿಗೆ ಸಿಗುವುದು ವಾರದಲ್ಲಿ ಈ ಹೊತ್ತು ಮಾತ್ರ.

ನರ್ಸರಿಯಲ್ಲಿ ನನ್ನ ಜೊತೆಗಿದ್ದ ಕಾಕ ತೀರಿಕೊಂಡ ಸುದ್ದಿ ಬಂದದ್ದು ಮಂಗಳವಾರ. ಅವರ ಮಗಳು ಅವರ ಫೋನಿನಿಂದಲೇ ಸಂದೇಶ ಕಳಿಸಿದ್ದರು. ‘ಉಪ್ಪ ಇವತ್ತು ಬೆಳಿಗ್ಗೆ ಹೋದರು. ಭಾನುವಾರ ನೀವು ಕಳಿಸಿದ 11 ನೋಡಿ ಖುಷಿಯಲ್ಲಿದ್ದರು. ಅದು ಎಂತದರ ಲೆಕ್ಕ ಅಂತ ನಮಗೆ ಯಾರಿಗೂ ಗೊತ್ತಿಲ್ಲ.’

ಹನ್ನೊಂದು ಎಂದರೆ ಹನ್ನೊಂದು ಚೋರಟೆ. ಅದನ್ನು ವಿವರಿಸಲು ಫೋನಿನಲ್ಲಿ ನಾಲ್ಕು ಸಲ ಶುರುಮಾಡಿ ನಾಲ್ಕು ಸಲವೂ ಅಳಿಸಿದೆ. ಕೊನೆಗೆ ‘ಬರೆದು ಕಳಿಸುತ್ತೇನೆ’ ಎಂದು ಉತ್ತರಿಸಿದೆ. ಇದು ಆ ಬರಹ. ಆ ಹೆಣ್ಣುಮಗಳಿಗೆ ಮಾತ್ರವಲ್ಲ, ಕಾಕನನ್ನು ಬಲ್ಲ ಬೇರೆ ಯಾರಾದರೂ ಇದ್ದರೆ ಅವರಿಗೂ ತಲುಪಲಿ ಎಂದು ಪತ್ರಿಕೆಗೆ ಕಳಿಸುತ್ತಿದ್ದೇನೆ.

ನಾನು ಅಲ್ ಖೋರ್ ದಾರಿಯಲ್ಲಿರುವ ಒಂದು ಗಿಡಗಳ ನರ್ಸರಿಯಲ್ಲಿ ರೆಕಾರ್ಡ್ ಕೆಲಸ ಮಾಡುತ್ತೇನೆ. ಎಷ್ಟು ಗಿಡ ಬಂತು, ಎಷ್ಟು ಹೋಯಿತು, ಎಷ್ಟು ಸತ್ತಿತು ಎಂದು ಬರೆದಿಡುವ ಕೆಲಸ. 2021ರ ಅಕ್ಟೋಬರ್ 17, ಭಾನುವಾರ ಸೇರಿದೆ. ಮೊದಲ ದಿನವೇ ನನ್ನನ್ನು ಮೂರನೇ ಶೆಡ್ಡಿಗೆ ಕಳಿಸಿದರು. ಅದರ ಒಂದು ಗೋಡೆ ಪೂರ್ತಿ ರಟ್ಟಿನ ಜೇನುಗೂಡಿನಂಥ ಪ್ಯಾಡು. ಪಂಪು ಅದರ ಮೇಲೆ ಸದಾ ನೀರು ಇಳಿಸುತ್ತಿರುತ್ತದೆ. ಎದುರಿನ ಗೋಡೆಯ ದೊಡ್ಡ ಫ್ಯಾನುಗಳು ಆ ಒದ್ದೆ ಪ್ಯಾಡಿನ ಮೂಲಕ ಗಾಳಿ ಎಳೆಯುತ್ತವೆ. ಹೊರಗೆ ಗಾಡಿಯ ಸ್ಟೀರಿಂಗ್ ಮುಟ್ಟಲಾಗದಷ್ಟು ಬಿಸಿಲಿದ್ದರೂ ಒಳಗೆ ಬಂದರೆ ಮೈ ಸಣ್ಣಗೆ ನಡುಗುತ್ತದೆ. ಅಂದು ಒಳಗೆ ಕಾಲಿಟ್ಟ ಕೂಡಲೇ ಕೆಳಗಿನಿಂದ ಒಂದು ದನಿ ಬಂತು.

"ಬೂಟು ಹೊರಗೆ."

ನೋಡಿದರೆ ಒಬ್ಬರು ನೆಲದ ಮೇಲೆ ಮಂಡಿಯೂರಿ ಕೂತು ಕುಂಡದೊಳಗೆ ಇಣುಕುತ್ತಿದ್ದರು. ತಲೆಗೆ ಒದ್ದೆ ಟವೆಲು. ಕನ್ನಡಕದ ಎರಡೂ ಕಡ್ಡಿಗೆ ಗಿಡ ಕಟ್ಟುವ ಹಸಿರು ದಾರ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟಿದ್ದರು. ಬರಿಗಾಲು.

"ಊರು ಎಲ್ಲಿ?"

"ಹಿರಿಯೂರು ಸರ್, ಚಿತ್ರದುರ್ಗ."

"ಸರ್ ಅಲ್ಲ. ಇಲ್ಲಿ ಎಲ್ಲರೂ ಕಾಕ ಹೇಳ್ತಾರೆ. ಹಿರಿಯೂರಿನವನಿಗೆ ಇದು ಗೊತ್ತುಂಟಾ?" ಎಂದು ಬಟಾಟೆಯ ಒಂದು ಹೋಳನ್ನು ಮಗುಚಿ ನನ್ನ ಮೂಗಿನ ಹತ್ತಿರ ಹಿಡಿದರು. ಅದರ ಅಡಿಯಲ್ಲಿ ನೂಲಿನಷ್ಟು ತೆಳ್ಳಗಿನ, ಉಗುರಿನ ಉದ್ದದ, ಹಾಲುಬಣ್ಣದ ಮೂರು ಹುಳುಗಳು ಸುರುಳಿ ಸುತ್ತಿಕೊಂಡಿದ್ದವು. ಮೈಯ ಪಕ್ಕದಲ್ಲಿ ಸಾಲಾಗಿ ಕೆಂಪು ಚುಕ್ಕಿ, ಗುಂಡುಸೂಜಿಯಿಂದ ಇಟ್ಟ ಹಾಗೆ.

"ಸಾವಿರ ಕಾಲಿನ ಹುಳ," ಎಂದೆ.

"ಚೋರಟೆ. ಎಣಿಸು. ನಿನ್ನ ಕೆಲಸ ಬರೆಯುವುದು ಅಲ್ವಾ? ಮೊದಲು ಇದನ್ನು ಬರಿ."

ಆ ದಿನ ಹನ್ನೆರಡು ಕುಂಡಗಳಲ್ಲಿ ಒಟ್ಟು ಎಂಟು. ನನ್ನ ಡೈರಿಯಲ್ಲಿ ಕತಾರ್‌ನ ಮೊದಲ ನಮೂದೇ ಅದು: ‘ಚೋರಟೆ 8.’

ಕಾಕನ ಊರು ಉಪ್ಪಿನಂಗಡಿಯ ಹತ್ತಿರ. ಮನೆಮಾತು ಬ್ಯಾರಿ, ಊರವರ ಜೊತೆ ತುಳು, ನೇಪಾಳದ ಕೆಲಸಗಾರರ ಜೊತೆ ಹಿಂದಿ, ನನ್ನ ಜೊತೆ ಕನ್ನಡ. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದಕ್ಕೆ ಕಾರಣ ಅವರೇ. ಪ್ರತಿ ವಾರದ ವರದಿಯ ಕೊನೆಗೆ ಜವಾಬ್ದಾರರ ಹೆಸರು ಹಾಕುವ ಜಾಗ ಇರುತ್ತದೆ. ನಾನು ಅವರ ಹೆಸರು ಬರೆದರೆ ಹೊಡೆದುಹಾಕಿಸುತ್ತಿದ್ದರು. "ಹೆಸರು ಎಂತಕ್ಕೆ? ಶೆಡ್ ನಂಬರ್ ಹಾಕು. ಗಿಡ ಬೆಳೆಸಿದ್ದು ಶೆಡ್ಡು." ಹೀಗೆ ಎರಡು ವರ್ಷ ಹನ್ನೊಂದು ತಿಂಗಳ ವರದಿಗಳಲ್ಲಿ ಒಂದನ್ನು ಬಿಟ್ಟು ಉಳಿದ ಎಲ್ಲದರ ಕೊನೆಗೂ ಇರುವುದು ‘ಶೆಡ್ 3’ ಎಂದಷ್ಟೇ. ಆ ಒಂದರ ವಿಷಯ ಮುಂದೆ ಬರುತ್ತದೆ.

ಮೊದಲು ಬಟಾಟೆಯ ವಿಷಯ.

ಶನಿವಾರ ಸಂಜೆ ನಾಲ್ಕು ಗಂಟೆಗೆ ಮೆಸ್ಸಿನಿಂದ ಒಂದು ಬಟಾಟೆ ತರುವುದು. ಅದನ್ನು ಹನ್ನೆರಡು ಹೋಳು ಮಾಡಿ, ಗೊತ್ತುಮಾಡಿದ ಹನ್ನೆರಡು ಕುಂಡಗಳ ಮಣ್ಣಿನ ಮೇಲೆ ಕವುಚಿ ಇಡುವುದು. ಭಾನುವಾರ ಬೆಳಿಗ್ಗೆ ಐದೂಕಾಲಿಗೆ, ಕೆಲಸ ಶುರುವಾಗುವ ಮೊದಲು, ಒಂದೊಂದೇ ಹೋಳು ಎತ್ತಿ ಎಣಿಸುವುದು. ಒಟ್ಟು ಹತ್ತರ ಆಸುಪಾಸು ಇದ್ದರೆ ಶೆಡ್ಡಿನ ತೇವ ಹದವಾಗಿದೆ ಎಂದರ್ಥ. ಐದಕ್ಕಿಂತ ಕೆಳಗಿಳಿದರೆ ಮಣ್ಣು ಕೆಸರಾಗಿದೆ, ನೀರು ಕಡಿಮೆ ಮಾಡಬೇಕು. ಇಪ್ಪತ್ತು ದಾಟಿದರೆ ಎಲ್ಲೋ ಒಣಗಿದೆ.

"ಹೊಟ್ಟೆಗೆ ಅವಕ್ಕೆ ಕೊಳೆತ ಎಲೆ ಸಾಕು," ಎಂದು ಕಾಕ ವಿವರಿಸಿದ್ದರು. "ಹಸಿ ಬಟಾಟೆಗೆ ಬರುವುದು ಬಾಯಾರಿದಾಗ. ಬಾಯಾರಿದರೆ ಸಿಕ್ಕಿದ್ದನ್ನು ಕಚ್ಚುತ್ತವೆ, ಬೇರೂ ಬಿಡುವುದಿಲ್ಲ. ನೀರಿದ್ದರೆ ಅವುಗಳಷ್ಟು ಸಾಧು ಯಾರೂ ಇಲ್ಲ."

ಗೋಡೆಯ ಮೇಲೆ ತೇವ ಅಳೆಯುವ ಡಿಜಿಟಲ್ ಯಂತ್ರ ಇತ್ತು. ಅದರಲ್ಲಿ ಯಾವಾಗ ನೋಡಿದರೂ 68. ನಾನು ಇಪ್ಪತ್ತಾರು ದಿನ ಸತತ ಬರೆದುಕೊಂಡು ಹೋಗಿ ತೋರಿಸಿದೆ, ಎಲ್ಲ ದಿನವೂ 68. ಕಾಕ ನಕ್ಕರು. "ಅದು ಗೋಡೆಯ ಮುದೀರ್ ಮಾರಾಯ. ಎ.ಸಿ.ಯಲ್ಲಿ ಕೂತು ಒಂದೇ ಮಾತು ಹೇಳ್ತದೆ. ಮಾತಾಡಿಸ್ಬೇಡ." ಮುದೀರ್ ಎಂದರೆ ಇಲ್ಲಿ ಮ್ಯಾನೇಜರ್.

ಮೆಸ್ಸಿನ ಅಡುಗೆಯವರು ಕಾಸರಗೋಡಿನವರು. ವಾರಕ್ಕೊಂದು ಬಟಾಟೆ ಕೊಡುವಾಗ ಒಂದು ಮಾತನ್ನೂ ಸೇರಿಸಿಯೇ ಕೊಡುತ್ತಿದ್ದರು.

"ಎಂತ ಕಾಕ, ನಿಮ್ಮ ಹುಳಕ್ಕೆ ಬಟಾಟೆ, ನಮ್ಮವರಿಗೆ ದಿನಾ ಬೇಳೆಯಾ?"

"ನಿಮ್ಮ ಬೇಳೆ ಅವು ತಿನ್ನುದಿಲ್ಲ. ಇಟ್ಟು ನೋಡಿದ್ದೇನೆ."

ಈ ಉಪಾಯ ಕಲಿಸಿದ್ದು ಯಾರು ಎಂದು ನನ್ನ ಎದುರಿಗೆ ಮೂರು ಸಲ ಅವರನ್ನು ಕೇಳಲಾಗಿದೆ. ಮೂರು ಉತ್ತರ ಬಂದಿವೆ. ಮ್ಯಾನೇಜರ್ ಕೇಳಿದಾಗ, ಹಿಂದೆ ಕೆಲಸ ಮಾಡಿದ ನರ್ಸರಿಯ ಒಬ್ಬ ವಿದೇಶಿ ಇಂಜಿನಿಯರ್. ನೇಪಾಳದವರು ಕೇಳಿದಾಗ, ಸುವರ್ಣಗೆಡ್ಡೆಯ ಪಾತಿಯಲ್ಲಿ ಹೀಗೆ ಮಾಡುತ್ತಿದ್ದ ಅವರ ತಾಯಿ, ಉಮ್ಮ. ನಾನು ಕೇಳಿದಾಗ, "ಒಬ್ಬ ಇದ್ದ. ನಿನ್ನ ಹಾಗೆಯೇ ಪುಸ್ತಕ ಹಿಡ್ಕೊಂಡು ತಿರುಗುವವ." ಯಾವುದು ನಿಜ ಎಂದು ಕೇಳಿದರೆ ಚಹಾ ತರಿಸುತ್ತಿದ್ದರು. ಚಹಾ ಯಾವಾಗಲೂ ಅರ್ಧ ಕಪ್ಪು. ಅದು ಮುಗಿದ ಮೇಲೆ ಇನ್ನೊಂದು ಅರ್ಧ. ಒಂದೇ ಸಲ ಪೂರ್ತಿ ಕುಡಿಯಬಹುದಲ್ಲ ಎಂದರೆ, "ಎರಡನೆಯದ್ದು ಬಿಸಿ ಇರ್ತದಲ್ಲ," ಎನ್ನುತ್ತಿದ್ದರು.

ಚೋರಟೆಗಳು ಇಲ್ಲಿಯವಲ್ಲ. ಹೊರದೇಶದಿಂದ ಬರುವ ಕಪ್ಪು ಮಣ್ಣಿನ ಚೀಲಗಳಲ್ಲಿ ಎಂದೋ ಬಂದು ಸೇರಿದವು. ಶೆಡ್ಡಿನ ಬಾಗಿಲು ದಾಟಿ ನಾಲ್ಕು ಅಡಿ ಹೋದರೆ ಸತ್ತೇಹೋಗುತ್ತವೆ. ಅವುಗಳ ಬದುಕು ಪೂರ್ತಿ ಆ ಒಂದು ಪಂಪಿನ ಮೇಲೆ ನಿಂತಿದೆ. ನಾನು ಇಂಟರ್‌ನೆಟ್ಟಿನಲ್ಲಿ ಹುಡುಕಿ, ಚುಕ್ಕಿ, ಉದ್ದ, ಬಣ್ಣ ಹೋಲಿಸಿ, ಇವು ಬ್ಲಾನಿಯುಲಿಡೆ ಎಂಬ ಕುಟುಂಬದವು ಇರಬೇಕು ಎಂದು ಕಂಡುಕೊಂಡೆ. ತಂಪು, ತೇವ ಇರುವಲ್ಲಿ ಬದುಕುವ ಸಣ್ಣ ಸಹಸ್ರಪದಿಗಳ ಕುಟುಂಬ. ಇದರಲ್ಲಿ ಹಲವಕ್ಕೆ ಕಣ್ಣೇ ಇರುವುದಿಲ್ಲ. ಊಟದ ಹೊತ್ತಿನಲ್ಲಿ ಅದನ್ನೆಲ್ಲ ಕನ್ನಡದಲ್ಲಿ ಓದಿ ಹೇಳಿದೆ.

"ಕಣ್ಣಿಲ್ವಾ?" ಕಾಕ ತುತ್ತು ನಿಲ್ಲಿಸಿದರು. "ಮತ್ತೆ ಕತಾರಿಗೆ ಬಂದದ್ದು ಎಂತ ನೋಡ್ಲಿಕ್ಕೆ?"

"ಹುಟ್ಟುವಾಗ ಮೂರೇ ಜೊತೆ ಕಾಲಂತೆ ಕಾಕ. ಪೊರೆ ಬಿಟ್ಟ ಹಾಗೆ ಕಾಲು ಜಾಸ್ತಿ ಆಗ್ತಾ ಹೋಗುತ್ತೆ."

ಅದು ಅವರಿಗೆ ಬಹಳ ಹಿಡಿಸಿತು. ಅಂದಿನಿಂದ ನಾನು ಏನಾದರೂ ಹೊಸದು ಕಲಿತರೆ ಅವರು ಕೊಡುತ್ತಿದ್ದ ಸರ್ಟಿಫಿಕೇಟ್ ಒಂದೇ. "ಒಂದು ಜೊತೆ ಕಾಲು ಬಂತು." ಪ್ಯಾಡಿನ ಪಾಚಿ ತೊಳೆಯಲು ಕಲಿತದ್ದಕ್ಕೆ ಒಂದು ಜೊತೆ. ಜರಿಗಿಡದ ಎಲೆಯ ಹಿಂಬದಿಯ ಕಂದು ಪುಡಿ ರೋಗವಲ್ಲ, ಬೀಜದಂಥದ್ದು ಎಂದು ನಾನೇ ತಿಳಿದುಕೊಂಡದ್ದಕ್ಕೆ ಒಂದು ಜೊತೆ. ಒಟ್ಟು ಒಂಬತ್ತು ಸಿಕ್ಕಿವೆ. ಹುಟ್ಟಿನ ಮೂರು ಸೇರಿಸಿದರೆ ಹನ್ನೆರಡು. ಒಂಬತ್ತರಲ್ಲಿ ಕೊನೆಯದರ ತಾರೀಕು 2024ರ ಆಗಸ್ಟ್ 27.

ಆ ವಾರದ ವಿಷಯ ಬರೆಯಲೆಂದೇ ಇಷ್ಟು ಬೇಗ ಎದ್ದದ್ದು.

ಆಗಸ್ಟ್ 18, ಭಾನುವಾರ: ಚೋರಟೆ 11. ಎಲ್ಲ ಸರಿ ಇತ್ತು. ಶೆಡ್ಡಿನ ಒಂದು ಬದಿ ಚಳಿಗಾಲದ ಆರ್ಡರಿಗೆಂದು ಬಿತ್ತಿದ ಪೆಟೂನಿಯಾ ಸಸಿಗಳ ಟ್ರೇಗಳು. ಇನ್ನೊಂದು ಬದಿ ಕಾಕನ ತಾಯಿಗಿಡಗಳು, ಅಂದರೆ ಕಡಿದು ಬೇರೆ ಗಿಡ ಮಾಡಿಕೊಳ್ಳಲು ಇಟ್ಟುಕೊಂಡ ಜರಿಗಿಡಗಳು. ಹತ್ತೊಂಬತ್ತು ವರ್ಷದ ಹಿಂದೆ ಯಾವುದೋ ಹೋಟೆಲಿನವರು ಎಸೆದ ಆರು ಗಿಡಗಳಿಂದ ಅವರು ಶುರುಮಾಡಿದ್ದು. ಆ ಆಗಸ್ಟಿನಲ್ಲಿ ನಾನು ಎಣಿಸಿದಾಗ 214 ಇದ್ದವು.

ಆಗಸ್ಟ್ 24, ಶನಿವಾರ: ಪೆಟೂನಿಯಾ ಸಸಿಗಳು ಬುಡದಲ್ಲಿ ಕಡಿದುಹೋಗಿ ಮಲಗಿದ್ದವು. ಎಣಿಸಿದೆ, 310.

ಆಗಸ್ಟ್ 25, ಭಾನುವಾರ: ಚೋರಟೆ 43.

ಕಾಕ ಕೊನೆಯ ಹೋಳನ್ನು ಮಗುಚಿ ಮತ್ತೊಮ್ಮೆ ಎಣಿಸಿದರು. "ಬಾಯಾರಿದೆ," ಎಂದರು. ಮತ್ತೆ, "ಆದ್ರೆ ಪಂಪು ನಡೀತಾ ಉಂಟಲ್ಲ?" ಎಂದು ಎದ್ದು ಹೋಗಿ ನೋಡಿಬಂದರು. ಪಂಪು ನಡೆಯುತ್ತಿತ್ತು.

ತಪ್ಪು ಮಾಡಿದ್ದು ನಾನು. ಆ ತಿಂಗಳಿನಿಂದ ವಾರದ ವರದಿಗೆ ಕಂಪ್ಯೂಟರಿನಲ್ಲಿ ಹೊಸ ಫಾರಂ ಬಂದಿತ್ತು. ಅದರಲ್ಲಿ ಯಾವ ಚೌಕವನ್ನೂ ಖಾಲಿ ಬಿಡುವ ಹಾಗಿಲ್ಲ. ‘ಕೀಟ: ಸಂಖ್ಯೆ’ ಎಂಬ ಚೌಕದಲ್ಲಿ ಹಿಂದಿನ ವಾರಗಳಲ್ಲಿ 0 ಹಾಕಿದ್ದೆ. ಚೋರಟೆಯ ಲೆಕ್ಕ ನನ್ನ ಡೈರಿಯಲ್ಲಿ ಮಾತ್ರ ಇರುತ್ತಿತ್ತು. ಆ ದಿನ 310 ಸಸಿ ಸತ್ತ ಮೇಲೂ 0 ಹಾಕಲು ಮನಸ್ಸು ಬರಲಿಲ್ಲ. ಎಣಿಸಿದ್ದನ್ನು ಬಚ್ಚಿಟ್ಟ ಹಾಗಾಗುತ್ತದೆ ಎನಿಸಿತು. ಬೇರೆ ಚೌಕ ಇರಲಿಲ್ಲ. 43 ಎಂದು ಹಾಕಿದೆ. ಚೌಕ ಕೆಂಪಾಯಿತು.

ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಶೆಡ್ಡಿಗೆ ಬಂದರು. ಒಳ್ಳೆಯ ಮನುಷ್ಯ, ದನಿ ಎತ್ತುವವರಲ್ಲ. ಸತ್ತ ಸಸಿ ನೋಡಿದರು, ಹೋಳಿನಡಿಯ ಹುಳು ನೋಡಿದರು. ಮಣ್ಣೆಲ್ಲ ಹೊರಹಾಕಿ, ಪಂಪು ನಿಲ್ಲಿಸಿ, ಔಷಧ ಹೊಡೆದು ಹದಿನೈದು ದಿನ ಶೆಡ್ಡು ಒಣಗಿಸಿ ಎಂದರು. ಆಗಸ್ಟ್ ತಿಂಗಳಲ್ಲಿ ಹದಿನೈದು ದಿನ ಪಂಪು ನಿಂತರೆ 214 ತಾಯಿಗಿಡಗಳಲ್ಲಿ ಒಂದೂ ಉಳಿಯುವುದಿಲ್ಲ. ಅದು ಅವರಿಗೂ ಗೊತ್ತಿತ್ತು.

"ಇದು ಹುಳದ್ದು ಅಲ್ಲ ಸಾಬ್, ನೀರಿನದ್ದು," ಎಂದು ಕಾಕ ಹಿಂದಿಯಲ್ಲಿ ಹೇಳಿದರು.

"ಪಂಪು ನಡೀತಾ ಇದೆ ಅಂತ ನೀವೇ ಹೇಳ್ತೀರಿ. ಹುಳು ಅಲ್ಲದಿದ್ದರೆ ಮತ್ತೇನು ಅಂತ ಗುರುವಾರದೊಳಗೆ ಬರೆದು ಕೊಡಿ. ಇಲ್ಲದಿದ್ದರೆ ಖಲಾಸ್, ಒಣಗಿಸೋಣ."

ಅವರು ಹೋದ ಮೇಲೆ ನಾನು ಕಾಕನ ಮುಖ ನೋಡಲಿಲ್ಲ. 43 ಬರೆದದ್ದು ನಾನು ಎಂದು ಅವರಿಗೆ ಗೊತ್ತಿತ್ತು. ಚಹಾ ತರಿಸಿದರು. ಅರ್ಧ ಕುಡಿದರು. ಅಂದು ಎರಡನೆಯ ಅರ್ಧ ಕೇಳಲಿಲ್ಲ.

ಸಂಜೆ ಕಂಪನಿಯ ಬಸ್ಸಿನಲ್ಲಿ ಡೈರಿ ತೆರೆದೆ. ಪಂಪಿಗೆ ಒಂದು ಮೀಟರ್ ಇದೆ, ಅದು ಎಷ್ಟು ಗಂಟೆ ಓಡಿತು ಎಂದು ತೋರಿಸುತ್ತದೆ. ದಿನವೂ ಸಂಜೆ ನಾಲ್ಕಕ್ಕೆ ಅದರ ಅಂಕಿ ಬರೆದುಕೊಳ್ಳುವುದು ನನ್ನ ಅಭ್ಯಾಸ. ಯಾರೂ ಹೇಳಿದ್ದಲ್ಲ. ಒಂದು ದಿನದ ಅಂಕಿಯಿಂದ ಹಿಂದಿನ ದಿನದ್ದನ್ನು ಕಳೆದರೆ 24 ಬರಬೇಕು. ಕಳೆಯುತ್ತಾ ಹೋದೆ. 24, 24, 24. ಆಗಸ್ಟ್ 20, ಮಂಗಳವಾರ: 19. ಬುಧವಾರ: 24. ಗುರುವಾರ: 20. ಎರಡು ಸಲ ಕಳೆದು ನೋಡಿದೆ.

ಮಂಗಳವಾರ ಐದು ಗಂಟೆ, ಗುರುವಾರ ನಾಲ್ಕು ಗಂಟೆ ಪಂಪು ನಿಂತಿತ್ತು. ಪಂಪಿನ ಪೆಟ್ಟಿಗೆಯ ಬೀಗದ ಕೈ ಇದ್ದದ್ದು ಒಬ್ಬರ ಹತ್ತಿರ ಮಾತ್ರ. ಇಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆವರೆಗೆ ಹೊರಗಿನ ಕೆಲಸ ನಿಲ್ಲುತ್ತದೆ, ಎಲ್ಲರೂ ಕೆಲಸಗಾರರ ಕ್ಯಾಂಪಿಗೆ ಹೋಗುತ್ತಾರೆ, ನಾನು ಆಫೀಸಿನ ಕ್ಯಾಬಿನ್ನಿನಲ್ಲಿರುತ್ತೇನೆ. ಆ ಹೊತ್ತಿನಲ್ಲಿ ಶೆಡ್ಡಿನಲ್ಲಿ ಉಳಿಯುವವರು ಕಾಕ ಒಬ್ಬರೇ.

ಅವರಿಗೆ ಆಗ ಅರವತ್ತೊಂದು. ಅರವತ್ತು ದಾಟಿ ಊರಿಗೆ ಕಳಿಸಬೇಕಾದವರ ಒಂದು ಪಟ್ಟಿ ಆಫೀಸಿನಲ್ಲಿ ಓಡಾಡುತ್ತಿತ್ತು. ಪೆಟೂನಿಯಾ ಹೂಬಿಡುವವರೆಗೆ, ಡಿಸೆಂಬರ್ ತನಕ ಇರುತ್ತೇನೆ ಎಂದು ಕಾಕ ಕೇಳಿಕೊಂಡಿದ್ದರು, ಮ್ಯಾನೇಜರ್ ಒಪ್ಪಿದ್ದರು. ನನ್ನ ಆ ಒಂದು ಪುಟ ತೋರಿಸಿದರೆ ಶೆಡ್ಡು ಉಳಿಯುತ್ತದೆ, ಕಾಕ ಉಳಿಯುವುದಿಲ್ಲ. ತೋರಿಸದಿದ್ದರೆ ಕಾಕ ಡಿಸೆಂಬರ್ ತನಕ ಇರುತ್ತಾರೆ, ಆದರೆ ಒಣಗಿದ ಶೆಡ್ಡಿನಲ್ಲಿ ಇರುತ್ತಾರೆ. ಮುಐದರ್ ಬರುವವರೆಗೂ ಇದನ್ನೇ ಲೆಕ್ಕ ಹಾಕಿದೆ. ಕಳೆದರೂ ಕೂಡಿದರೂ ಸರಿಹೋಗಲಿಲ್ಲ.

ಮಂಗಳವಾರ ಬೆಳಿಗ್ಗೆ ಐದೂಕಾಲಿಗೆ ಶೆಡ್ಡಿನ ಹೊರಗೆ ಬೂಟು ಬಿಟ್ಟು ಒಳಗೆ ಹೋದೆ. ಕಾಕ ಪ್ಯಾಡಿನ ಹತ್ತಿರ ಗೋಣಿಯ ಮೇಲೆ ಕೂತಿದ್ದರು. ಡೈರಿಯ ಪುಟ ತೆರೆದು ಕೊಟ್ಟೆ. ಅವರು ಕನ್ನಡಕ ಏರಿಸಿ ಅಂಕಿಗಳ ಮೇಲೆ ಬೆರಳಿಟ್ಟು ಕೆಳಗಿಳಿದರು.

"ಇಲ್ಲಿ ಐದು ಕಡಿಮೆ."

"ಹೌದು ಕಾಕ. ಗುರುವಾರ ನಾಲ್ಕು."

"ಮಂಗಳವಾರ ಪ್ಯಾಡ್ ತೊಳೀಲಿಕ್ಕೆ ನಿಲ್ಲಿಸಿದೆ. ತಲೆ ತಿರುಗಿದ ಹಾಗಾಯ್ತು, ಇಲ್ಲೇ ಸ್ವಲ್ಪ ಕೂತೆ. ಎದ್ದು ಹಾಕಿದ್ದು ನೆನಪುಂಟು. ಐದು ಗಂಟೆ ಕೂತಿದ್ದೆ ಅಂತ ಗೊತ್ತಿರ್ಲಿಲ್ಲ."

"ಗುರುವಾರ?"

ಅವರು ಪ್ಯಾಡಿನ ಕಡೆ ನೋಡಿದರು. "ಗುರುವಾರದ್ದು ಎಂತದೂ ನೆನಪಿಲ್ಲ ಮಾರಾಯ."

"ಈ ಪುಟ ಬೇಡ ಬಿಡಿ ಕಾಕ. ಮೀಟರ್ ಕೆಟ್ಟಿತ್ತು ಅಂತ ಬರೀತೀನಿ. ಕರೆಂಟು ಹೋಗಿತ್ತು ಅಂತಾದ್ರೂ ಬರೀತೀನಿ."

"ಮೀಟರ್ ಕೆಟ್ಟಿತ್ತಾ?"

"ಇಲ್ಲ."

"ಕರೆಂಟು?"

"ಇಲ್ಲ ಕಾಕ."

"ಮತ್ತೆ? ಹುಳ ನಲವತ್ತಮೂರು ಇದ್ದದ್ದಕ್ಕೆ ನಲವತ್ತಮೂರೇ ಬರ್ದಿ. ಒಂದು ಬಿಡ್ಲಿಲ್ಲ. ಈಗ ನನಗೆ ಮಾತ್ರ ಡಿಸ್ಕೌಂಟಾ?"

ಅವರು ಪುಟವನ್ನು ನನ್ನ ಕಡೆ ತಿರುಗಿಸಿದರು.

"ನೋಡು, ಅವು ಕಡಿದದ್ದು ಹೌದು. ಬಾಯಾರಿ ಕಡಿದವು. ನೀರು ನಿಲ್ಲಿಸಿದ್ದು ನಾನು. ಅವಕ್ಕೆ ಔಷಧ ಹೊಡೆದು ನಾನು ಇಲ್ಲಿ ಡಿಸೆಂಬರ್ ತನಕ ಎಂತ ಎಣಿಸ್ಲಿಕ್ಕೆ ಕೂತ್ಕೊಳ್ಳಲಿ? ಬರಿ. ಇಂಗ್ಲಿಷಿನಲ್ಲಿ ಸರಿಯಾಗಿ ಬರಿ, ಆಮೇಲೆ ಕನ್ನಡದಲ್ಲಿ ಓದಿ ಹೇಳು."

ಅಲ್ಲೇ ಕೂತು ಬರೆದೆ. ಪಂಪು ನಿಂತ ಎರಡು ದಿನ, ಒಟ್ಟು ಒಂಬತ್ತು ಗಂಟೆ, ಕಾರಣ, ಅದರ ನಂತರದ ಸಸಿಗಳ ಸಾವು, 43. ನೀರು ಸರಿಯಾದರೆ ಸಂಖ್ಯೆ ತಾನಾಗಿ ಇಳಿಯುತ್ತದೆ, ಎರಡು ವಾರ ಕೊಡಿ ಎಂಬ ಕೋರಿಕೆ. ಓದಿ ಹೇಳಿದೆ. ಒಂದು ಕಡೆ ತಡೆದರು. "‘ಆರೋಗ್ಯ ಸರಿ ಇರಲಿಲ್ಲ’ ಅಂತ ಎರಡು ಸಲ ಬರ್ದಿದ್ದಿ. ಒಂದು ಸಾಕು." ಒಂದನ್ನು ತೆಗೆದೆ. ಕೊನೆಗೆ ಎಂದಿನಂತೆ ‘ಶೆಡ್ 3’ ಎಂದು ಬರೆಯಲು ಹೊರಟಾಗ ಅವರು ನನ್ನ ಕೈ ಹಿಡಿದರು.

"ಇವತ್ತು ಹೆಸರು ಹಾಕು."

ಹಾಕಿದೆ. ಅವರ ಪೂರ್ತಿ ಹೆಸರು, ತಂದೆಯ ಹೆಸರಿನೊಂದಿಗೆ, ಎಷ್ಟು ಉದ್ದವಿದೆ ಎಂದು ನನಗೆ ಗೊತ್ತಾದದ್ದೇ ಆಗ. ಅವರು ಅದನ್ನು ನೋಡಿದರು, ಕಾಗುಣಿತ ಸರಿಯಿದೆಯೇ ಎನ್ನುವ ಹಾಗೆ.

"ಒಂದು ಜೊತೆ ಕಾಲು ಬಂತು," ಎಂದರು.

ಮ್ಯಾನೇಜರ್ ಓದಿ ಗದರಲಿಲ್ಲ. ಮೊದಲು ಕಾಕನನ್ನು ಆಸ್ಪತ್ರೆಗೆ ಕಳಿಸಿದರು. ರಕ್ತದಲ್ಲಿ ಸಕ್ಕರೆ ಎಲ್ಲಿಗೋ ಏರಿತ್ತು. ಶೆಡ್ಡು ಒಣಗಿಸುವ ಮಾತು ಮತ್ತೆ ಬರಲಿಲ್ಲ. ಕಾಕ ಡಿಸೆಂಬರ್ ತನಕ ಇರುವ ಮಾತೂ ಬರಲಿಲ್ಲ. ಸೆಪ್ಟೆಂಬರ್ 1ಕ್ಕೆ ಚೋರಟೆ 19, ಸೆಪ್ಟೆಂಬರ್ 8ಕ್ಕೆ 10. ಸೆಪ್ಟೆಂಬರ್ 12, ಗುರುವಾರ ಕಾಕ ಊರಿಗೆ ಹೊರಟರು. ಬೀಗದ ಕೈಯನ್ನು ಮ್ಯಾನೇಜರ್ ಎದುರಿಗೇ ನನ್ನ ಕೈಗೆ ಹಾಕಿ, "ಪ್ಯಾಡ್ ತೊಳೆಯುವಾಗ ಫೋನಿನಲ್ಲಿ ಅಲಾರಂ ಇಡು. ತಲೆಯನ್ನು ನಂಬ್ಬೇಡ," ಎಂದರು. ಮೆಸ್ಸಿನವರು ಒಂದು ಬಟಾಟೆಯನ್ನು ಕಾಗದದಲ್ಲಿ ಸುತ್ತಿ ಅವರ ಕೈಚೀಲಕ್ಕೆ ಹಾಕಿದರು. "ದಾರಿಯಲ್ಲಿ ಯಾರಾದ್ರೂ ಬಾಯಾರಿದವರು ಸಿಕ್ಕಿದ್ರೆ ಕೊಡಿ ಕಾಕ." ಎಲ್ಲರೂ ನಕ್ಕರು. ಕಾಕನೂ ನಕ್ಕರು. ಗಾಡಿ ಹತ್ತುವ ಮೊದಲು ಬೂಟು ಹಾಕಿಕೊಳ್ಳಲು ಮರೆತು ವಾಪಸು ಬಂದರು.

ಪೆಟೂನಿಯಾ ಮತ್ತೆ ಬಿತ್ತಿದೆವು. ಡಿಸೆಂಬರ್ ಮೂರನೇ ವಾರ ಹೂಬಿಟ್ಟವು. ಫೋಟೋ ಕಳಿಸಿದೆ. ಬಂದ ಉತ್ತರ ಒಂದೇ ಶಬ್ದ: "ಎಷ್ಟು?"

ಆ ಪ್ರಶ್ನೆ ಪ್ರತಿ ಭಾನುವಾರ ಬರುತ್ತಿತ್ತು, ಧ್ವನಿ ಸಂದೇಶವಾಗಿ, ಒಂದು ಸೆಕೆಂಡಿನದ್ದು. ನಾನು ಸಂಖ್ಯೆ ಕಳಿಸುತ್ತಿದ್ದೆ. ಅಷ್ಟೇ ನಮ್ಮ ಮಾತುಕತೆ. ಫಾರಂನಲ್ಲಿ ಈಗ ‘ಕೀಟ’ದ ಚೌಕಕ್ಕೂ ‘ತೇವ’ದ ಚೌಕಕ್ಕೂ ನಡುವೆ ನಾನೇ ಒಂದು ಹೊಸ ಚೌಕ ಸೇರಿಸಿದ್ದೇನೆ. ಅದಕ್ಕೆ ‘ಬಟಾಟೆ’ ಎಂದು ಹೆಸರು, ಅದನ್ನು ಮಾತ್ರ ಖಾಲಿ ಬಿಡಬಹುದು. ಮ್ಯಾನೇಜರ್ ನೋಡಿದ್ದಾರೆ, ತೆಗೆ ಎಂದಿಲ್ಲ.

ಅವರು ಹೋದ ಮೇಲೆ ಕಳೆದ ಭಾನುವಾರದವರೆಗೆ 61 ಭಾನುವಾರಗಳು. ಆ ಚೌಕದಲ್ಲಿ 57 ಸಂಖ್ಯೆಗಳಿವೆ. ನಾಲ್ಕು ಖಾಲಿ. ಈ ವರ್ಷ ಏಪ್ರಿಲ್‌ನಲ್ಲಿ ನಾನು ರಜೆಯ ಮೇಲೆ ಊರಿಗೆ ಹೋಗಿದ್ದ ನಾಲ್ಕು ವಾರಗಳು ಅವು. ಮೊದಲ ಭಾನುವಾರ ಎಂದಿನಂತೆ "ಎಷ್ಟು?" ಎಂದು ಬಂತು. ರಜೆಯಲ್ಲಿದ್ದೇನೆ ಕಾಕ, ಹಿರಿಯೂರಿನಲ್ಲಿದ್ದೇನೆ ಎಂದೆ. "ಊರಲ್ಲಿದ್ದಿಯಾ? ಹಾಗಾದ್ರೆ ಬಾ. ನಮ್ಮ ಹಿತ್ತಲಲ್ಲಿ ದೊಡ್ಡ ಜಾತಿಯವು ಉಂಟು, ತೋರಿಸ್ತೇನೆ," ಎಂದರು. ಹಿರಿಯೂರಿನಿಂದ ಉಪ್ಪಿನಂಗಡಿಗೆ ಒಂದು ಹಗಲಿನ ಬಸ್ಸು. ಅಕ್ಕನ ಮನೆ, ಪಾಸ್‌ಪೋರ್ಟ್ ಕೆಲಸ, ಹಲ್ಲಿನ ಡಾಕ್ಟರು ಎಂದು ಡೈರಿಯಲ್ಲಿ ನಾಲ್ಕೂ ವಾರ ತುಂಬಿವೆ. ಆದರೂ ಮನಸ್ಸು ಮಾಡಿದ್ದರೆ ಹೋಗಲಾಗದಿದ್ದ ದಿನ ಒಂದೂ ಇಲ್ಲ. ಹೋಗಲಿಲ್ಲ.

ಅದಕ್ಕೇ ನನ್ನ ಹತ್ತಿರ ಅವರ ಎರಡು ವರ್ಷ ಹನ್ನೊಂದು ತಿಂಗಳು ಮಾತ್ರ ಇವೆ. ಅದಕ್ಕೆ ಹಿಂದಿನ ವರ್ಷಗಳು ನನಗೆ ಗೊತ್ತಿಲ್ಲ. ಅವರ ಜೊತೆ ಆ ಕಾಲದಲ್ಲಿ ಅಲ್ ಖೋರ್ ಕಡೆಯ ಅಥವಾ ಬೇರೆ ಯಾವುದೇ ನರ್ಸರಿಯಲ್ಲಿ ಇದ್ದವರು, ಕನ್ನಡಕಕ್ಕೆ ಹಸಿರು ದಾರ ಕಟ್ಟಿ ಬರಿಗಾಲಲ್ಲಿ ಓಡಾಡುವ ಒಬ್ಬರನ್ನು ಕಂಡವರು, ಆ ಆರು ಜರಿಗಿಡಗಳನ್ನು ಅವರ ಜೊತೆ ಎತ್ತಿ ತಂದವರು ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಪುಸ್ತಕ ಹಿಡಿದು ತಿರುಗುತ್ತಿದ್ದ, ಬಟಾಟೆ ಕಲಿಸಿದ ಆ ‘ಒಬ್ಬ’ ನಿಜವಾಗಿ ಇದ್ದಿದ್ದರೆ ಅವರಂತೂ ಖಂಡಿತ ಬರೆಯಲಿ. ಅವರ ಮಗಳೂ ಕಾಯುತ್ತಿದ್ದಾರೆ, ನಾನೂ ಕಾಯುತ್ತಿದ್ದೇನೆ. ಹೆಸರು ಹಾಕಲು ಇಷ್ಟವಿಲ್ಲದಿದ್ದರೆ ಬೇಡ. ಶೆಡ್ ನಂಬರ್ ಹಾಕಿದರೂ ಸಾಕು.